ಭಾನುವಾರದ ಹತ್ತು ನಿಮಿಷ

ಹರಿಹರದ ಕೊಟ್ರವ್ವನ ಗಂಡ ಒಂದು ದಿನ ಕುಡಿದು ಬಂದು ಏಳು ವರ್ಷದ ಮಗಳು ದುರ್ಗಾಳ ಕೈ ಮುರಿದ. ಮಕ್ಕಳ ಕಲ್ಯಾಣ ಸಮಿತಿಯವರು ಹುಡುಗಿಯನ್ನು ದಾವಣಗೆರೆಯ ಬಾಲಮಂದಿರಕ್ಕೆ ಸೇರಿಸಿದರು. ತಾಯಿ ಭಾನುವಾರಕ್ಕೊಮ್ಮೆ ಬಂದು ನೋಡಬಹುದು ಎಂದರು. ಕೊಟ್ರವ್ವ ಮೂರು ಭಾನುವಾರ ಹೋದಳು. ನಾಲ್ಕನೆಯದಕ್ಕೆ ಕೊರೊನಾ ಬಂತು, ಬಸ್ಸುಗಳು ನಿಂತವು, ಗೇಟಿಗೆ ಬೀಗ ಬಿತ್ತು.

ಭೇಟಿಯ ಬದಲು ವಾರಕ್ಕೆ ಹತ್ತು ನಿಮಿಷ ವಿಡಿಯೊ ಕಾಲ್ ಎಂದು ಬಾಲಮಂದಿರದ ಲತಾ ಮೇಡಂ ತಿಳಿಸಿದರು. ಕೊಟ್ರವ್ವನದು ಗುಂಡಿ ಒತ್ತುವ ಫೋನು. ಪಕ್ಕದ ಮನೆಯ ದಿಲ್ಷಾದ್ ಬೇಗಂ ತನ್ನ ಫೋನಿನಲ್ಲಿ ಕಾಲ್ ಹಚ್ಚಿಕೊಟ್ಟು, ಒಲೆ ಮೇಲೆ ಅನ್ನ ಐತೆ ಎಂದು ಒಳಗೆ ಹೋದಳು. ಕೊಟ್ರವ್ವ ಫೋನನ್ನು ಕಿವಿಗೆ ಹಿಡಿದಳು.

“ಅವ್ವಾ, ನಿನ್ನ ಕಿವಿ ಕಾಣ್ತೈತೆ.”

“ಮುಖದ ಮುಂದೆ ಹಿಡೀರಿ ಅಮ್ಮಾ,” ಎಂದರು ಲತಾ.

“ಮುಂದೆ ಹಿಡಿದ್ರೆ ನಂಗೆ ಕೇಳಲ್ರಿ.”

“ಇರ್ಲಿ ಬಿಡ್ರಿ ಮೇಡಂ,” ಎಂದಳು ದುರ್ಗಾ.

ಹತ್ತು ನಿಮಿಷ ಅವಳು ತಾಯಿಯ ಕಿವಿಯ ಜೊತೆ ಮಾತಾಡಿದಳು. ಹೇನಾಗಿದ್ದಕ್ಕೆ ತಲೆ ಬೋಳಿಸಿದ್ದಾರೆ ಎಂದೂ ಹೇಳಿದಳು. ಮುಂದಿನ ವಾರ ಫೋನು ಸರಿಯಾಗಿ ಹಿಡಿದಾಗ ಕೊಟ್ರವ್ವನಿಗೆ ಆ ತಲೆ ಕಂಡಿತು. “ಚಂದ ಐತೆ,” ಎಂದಳು. ಕಾಲ್ ಮುಗಿದ ಮೇಲೆ ಅವಳು ಫೋನು ಕೂಡಲೇ ವಾಪಸ್ ಕೊಡಲಿಲ್ಲ, ದಿಲ್ಷಾದ್ ಕೇಳಲೂ ಇಲ್ಲ. ಇಬ್ಬರೂ ಕಟ್ಟೆ ಮೇಲೆ ಕೂತೇ ಇದ್ದರು.

ಬಸ್ಸು ಶುರುವಾದ ಮೇಲೆ ಕೊಟ್ರವ್ವ ಸಮಿತಿಯ ಕಚೇರಿಗೆ ಹೋದಳು.

“ಭೇಟಿ ಯಾವಾಗ್ರಿ?”

“ಮಹಾಮಾರಿ ಮುಗಿದ ಮ್ಯಾಲೆ,” ಎಂದ ಗುಮಾಸ್ತ ಉಜ್ಜನಪ್ಪ.

“ಯಾವ ತಾರೀಕಿಗೆ ಮುಗೀತೈತ್ರಿ?”

ಉಜ್ಜನಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ಅದರಲ್ಲಿ ಬರೆದಿರಲಿಲ್ಲ. “ಗಂಡ ಇಲ್ಲದ ಕಡೆ ಮನಿ ಮಾಡಿ ಅರ್ಜಿ ಕೊಡ್ರಿ. ಮಗೂನ್ನೇ ಕಳಿಸ್ತಾರೆ,” ಎಂದ.

ಮಗಳನ್ನು ನೋಡುವುದಕ್ಕಿಂತ ಮನೆಗೆ ಕರೆತರುವುದೇ ಸಲೀಸು ಎಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮರುದಿನ ಗಂಡ ಏಳುವ ಮೊದಲೇ ಬಟ್ಟೆಗಂಟು ಹಿಡಿದು ಬಸ್ಸು ಹತ್ತಿದಳು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ಕೋಣೆ, ಮಂಡಿಪೇಟೆಯಲ್ಲಿ ಕಾಳು ಹಸನು ಮಾಡುವ ಕೆಲಸ ಸಿಕ್ಕವು. ಭಾನುವಾರ ಅಂಗಡಿಯವರ ಫೋನಿನಲ್ಲಿ ಮಾತು. ಅಧಿಕಾರಿಗಳು ಎರಡು ಸಲ ಬಂದು ಕೋಣೆ ನೋಡಿ, ಬರೆದುಕೊಂಡು ಹೋದರು.

ಡಿಸೆಂಬರಿನಲ್ಲಿ ಆದೇಶ ಬಂತು. ‘ಒಂದು ಮಗು, ಎರಡು ಜೊತೆ ಬಟ್ಟೆ, ಒಂದು ತಟ್ಟೆ ಸ್ವೀಕರಿಸಿದ್ದೇನೆ’ ಎಂದು ಬರೆದಿದ್ದ ಬಾಲಮಂದಿರದ ಕಾಗದದ ಮೇಲೆ ಕೊಟ್ರವ್ವ ಹೆಬ್ಬೆಟ್ಟು ಒತ್ತಿದಳು.

ಆಟೋದಲ್ಲಿ ದುರ್ಗಾ ತಾಯಿಗೆ ಒತ್ತಿ ಕೂತಳು.

“ಬಾಗ್ಲಿಗೆ ಚಿಲಕ ಐತಾ?” ಎಂದು ಕೇಳಿದಳು.

“ಐತೆ.”

“ಒಳಗಿಂದ?”

“ಒಳಗಿಂದ್ಲೇ.”

ಹುಡುಗಿ ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಹೊರಗೆ ನೋಡತೊಡಗಿದಳು.