ಹಾಕಿದ್ದನ್ನೇ ಮತ್ತೆ ಹಾಕು ಎಂದ ಕಂಪ್ಯೂಟರ್

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಹೊನ್ನಾಳಿಯಲ್ಲಿ ಕಂಪ್ಯೂಟರ್ ವಿಷಯದಲ್ಲೇ ಡಿಗ್ರಿ ಮಾಡಿದವಳು ನಾನು. ನ್ಯಾಮತಿಯಲ್ಲಿ ರಿಪೇರಿ ಅಂಗಡಿ ಇಟ್ಟು ಎಂಟು ವರ್ಷವಾಯಿತು. ಯಂತ್ರ ಏನೇ ವಿಚಿತ್ರವಾಗಿ ವರ್ತಿಸಿದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೇ ಎಂದು ನಂಬಿ ಬದುಕಿದವಳು. ಈಗಲೂ ಬಹುಮಟ್ಟಿಗೆ ಹಾಗೇ ನಂಬುತ್ತೇನೆ. ಆದರೆ ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಒಂದು ಬಾಗಿಲು ತೆರೆಯಲಿಲ್ಲ. ತೆರೆದಿದ್ದರೆ ಒಳಗೆ ತುಂಬಿದ್ದ ವಿಷದ ಗಾಳಿ ನನ್ನನ್ನೂ ನನ್ನ ಪಕ್ಕದಲ್ಲಿದ್ದ ರತ್ನಕ್ಕನನ್ನೂ ಉಳಿಸುತ್ತಿರಲಿಲ್ಲ. ಯಾಕೆ ತೆರೆಯಲಿಲ್ಲ ಎಂಬುದನ್ನೇ ಇಲ್ಲಿ ಹೇಳುತ್ತೇನೆ.

ಬಿಳಿಚೋಡಿನ ಹತ್ತಿರ ಒಂದು ಖಾಸಗಿ ಬೀಜದ ಗೋದಾಮಿದೆ. ಮುಂದೆ ದೊಡ್ಡ ಶೆಟರು, ಪಕ್ಕದಲ್ಲಿ ಚಿಕ್ಕ ಆಫೀಸು ಕೋಣೆ, ಆ ಕೋಣೆಯಿಂದ ಗೋದಾಮಿಗೆ ಹೋಗಲು ಒಂದು ಒಳಬಾಗಿಲು. ಅಲ್ಲಿಯ ಗುಮಾಸ್ತ ತಿಪ್ಪೇಶಣ್ಣ ಹಿಂದಿನ ವಾರವೇ ಫೋನು ಮಾಡಿದ್ದರು. ಕಂಪ್ಯೂಟರ್ ಒಂದೇ ಅಪ್‌ಡೇಟನ್ನು ದಿನಾ ಹಾಕು ಎನ್ನುತ್ತದೆ, ಹಾಕಿದರೆ ಆಯಿತು ಎನ್ನುತ್ತದೆ, ಮರುದಿನ ಮತ್ತೆ ಅದನ್ನೇ ಹಾಕು ಎನ್ನುತ್ತದೆ ಎಂಬುದು ಅವರ ದೂರು. ಇದು ಹೊಸ ರೋಗವಲ್ಲ. ಏನೇನು ಹಾಕಿಯಾಗಿದೆ ಎಂದು ಯಂತ್ರ ಬರೆದಿಟ್ಟುಕೊಳ್ಳುವ ಪಟ್ಟಿ ಕೆಟ್ಟರೆ ಹೀಗಾಗುತ್ತದೆ. ಚನ್ನಗಿರಿಯಲ್ಲಿ, ಸವಳಂಗದಲ್ಲಿ ಇದನ್ನು ನಾನು ಎಷ್ಟೋ ಸಲ ಸರಿಪಡಿಸಿದ್ದೆ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ.

ತಿಪ್ಪೇಶಣ್ಣ ಇರಲಿಲ್ಲ, ಜಗಳೂರಿಗೆ ಹೋಗಿದ್ದರು. ಕಸ ಗುಡಿಸುವ, ಕೀಲಿಕೈ ನೋಡಿಕೊಳ್ಳುವ ರತ್ನಕ್ಕ ಆಫೀಸು ತೆಗೆದುಕೊಟ್ಟಳು. ನಾನು ತಿಪ್ಪೇಶಣ್ಣನಿಗೆ ಫೋನು ಹಚ್ಚಿದೆ. ಅಲ್ಲಿ ಸಿಗ್ನಲ್ ಬಂದಷ್ಟು ಹೊತ್ತು ಬರುತ್ತದೆ.

“ಗೋದಾಮಿನಾಗೆ ಇದೀನ್ರೀ. ಕೊನೇ ಸಲ ಹಾಕಿದ್ದು ಯಾವಾಗ?”

“ನಿನ್ನೇನೇ ಹಾಕೈತ್ರೀ ಮೇಡಂ.”

“ಪೂರ್ತಿ ಹಾಕಿದ್ರಾ, ಅರ್ಧಕ್ಕೆ ನಿಂತಿತ್ತಾ?”

“ಪೂರ್ತಿ ಹಾಕ್ಸೀನ್ರೀ. ಇನ್ನು ಮೂರು ದಿನ...”

ಅಲ್ಲಿಗೆ ಲೈನು ಕಟ್ಟಾಯಿತು. ಅಪ್‌ಡೇಟ್ ಪೂರ್ತಿ ಆಗಿದೆ ಎಂದುಕೊಂಡು ನಾನು ಕೆಲಸಕ್ಕೆ ಕೂತೆ. ನಮ್ಮ ಕಡೆ ಎಲ್ಲಕ್ಕೂ ‘ಹಾಕು’ ಎನ್ನುವುದೇ ಪದ. ಗೊಬ್ಬರ ಹಾಕುವುದು, ಬೀಗ ಹಾಕುವುದು, ಅಪ್‌ಡೇಟ್ ಹಾಕುವುದು. ಗೋದಾಮಿನ ಹುಳ ಸಾಯಲು ಗುಳಿಗೆ ಇಡುವುದಕ್ಕೂ ಅದೇ ಪದ. ಭಾನುವಾರ ಅಲ್ಲಿ ಹಾಕಿಸಿದ್ದು ಆ ಗುಳಿಗೆಯನ್ನು. ಅದರಿಂದ ಏಳುವ ಗಾಳಿ ಹುಳವನ್ನಷ್ಟೇ ಅಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ. ಎಚ್ಚರಿಕೆಯ ಬೋರ್ಡು ಮುಂದಿನ ಶೆಟರಿಗೆ ನೇತು ಬಿದ್ದಿತ್ತು, ನಾವು ಬಂದದ್ದು ಹಿಂದಿನ ದಾರಿಯಲ್ಲಿ. ಒಳಬಾಗಿಲಿನ ಸಂದಿಗಳಿಗೆ ಗೋದಾಮಿನ ಕಡೆಯಿಂದ ಟೇಪು ಅಂಟಿಸಿದ್ದರು, ನಮ್ಮ ಕಡೆಗೆ ಏನೂ ಕಾಣುತ್ತಿರಲಿಲ್ಲ. ಭಾನುವಾರ ರಜೆಯಲ್ಲಿದ್ದ ರತ್ನಕ್ಕನಿಗೂ ಗೊತ್ತಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅಪ್‌ಡೇಟ್ ಹಾಕಿದೆ. ಯಶಸ್ವಿಯಾಗಿದೆ ಎಂದು ಬಂತು. ಮತ್ತೆ ನೋಡಿದರೆ ಅದೇ ಅಪ್‌ಡೇಟ್ ಕಾದು ಕೂತಿತ್ತು. ಅಪ್‌ಡೇಟ್ ತರುವ ವ್ಯವಸ್ಥೆಯನ್ನು ನಿಲ್ಲಿಸಿ, ಅದು ಇಳಿಸಿಕೊಂಡಿದ್ದ ಕಡತಗಳನ್ನೆಲ್ಲ ಅಳಿಸಿ, ಮತ್ತೆ ಶುರು ಮಾಡಿದೆ. ಮತ್ತೆ ಅದೇ. ಪೆನ್ ಡ್ರೈವಿನಿಂದ ಕೈಯಾರೆ ಹಾಕಲು ಹೋದರೆ ಇದು ಈಗಾಗಲೇ ಇದೆ ಎಂದು ಪರದೆಯ ಒಂದು ಕಿಟಕಿಯಲ್ಲಿ ಹೇಳಿತು, ಹಾಕು ಎಂದು ಇನ್ನೊಂದರಲ್ಲಿ ಕೇಳಿತು.

ಹೊರಬಾಗಿಲಿಗೆ ಒರಗಿ ನೋಡುತ್ತಿದ್ದ ರತ್ನಕ್ಕ, “ನಮ್ಮತ್ತೆ ಹಿಂಗೇ ನೋಡ್ರಿ,” ಎಂದಳು. “ಉಂಡು ಕೈ ತೊಳ್ದಿರ್ತಾಳೆ, ಇನ್ನೂ ಇಕ್ಕಿಲ್ಲ ಅಂತಾಳೆ. ನೀವು ಇಷ್ಟು ಓದಿ ನಮ್ಮತ್ತೆ ಚಾಕರಿ ಮಾಡಾಕೆ ಬಂದಂಗಾತು.”

ನನಗೆ ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಕೊನೆಯದಾಗಿ ಇಂಟರ್ನೆಟ್ಟಿನ ಡಬ್ಬಿ ಆರಿಸಿ ಹಚ್ಚೋಣ ಎಂದುಕೊಂಡೆ. ಅದು ಗೋದಾಮಿನೊಳಗೆ, ಒಳಬಾಗಿಲಿನಿಂದ ಹತ್ತು ಹೆಜ್ಜೆ ದೂರದ ಗೋಡೆಯ ಮೇಲಿತ್ತು. ಅದಕ್ಕೆ ಮೊದಲು ಅಪ್‌ಡೇಟ್ ವ್ಯವಸ್ಥೆಯನ್ನು ಪೂರ್ತಿ ನಿಲ್ಲಿಸಿದೆ. ಕಂಪ್ಯೂಟರಿನ ಹಿಂದಿನ ಇಂಟರ್ನೆಟ್ ವಯರನ್ನೂ ಕಿತ್ತೆ. ಇಷ್ಟನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಿಟಕಿ ಹೋಗಿ ಪರದೆ ಖಾಲಿಯಾಯಿತು. ರತ್ನಕ್ಕ ಕೊಟ್ಟ ಕೀಲಿಕೈಯನ್ನು ಒಳಬಾಗಿಲಿಗೆ ಹಾಕಿ ಒಂದು ಸುತ್ತು ತಿರುಗಿಸಿದೆ. ಅದು ಎರಡು ಸುತ್ತಿನ ಬೀಗ.

“ಮೇಡಂರೇ,” ಎಂದಳು ರತ್ನಕ್ಕ ಹಿಂದಿನಿಂದ, “ನಮ್ಮತ್ತೆ ಮತ್ತೆ ಎದ್ಲು.”

ತಿರುಗಿ ನೋಡಿದೆ. ಪರದೆಯ ಮೇಲೆ ಅದೇ ಕಿಟಕಿ, ಅದೇ ಅಪ್‌ಡೇಟ್. ಅದನ್ನು ತರುವ ವ್ಯವಸ್ಥೆ ನಿಂತಿದೆ, ವಯರು ನೆಲದ ಮೇಲೆ ಬಿದ್ದಿದೆ. ಹೆದರಿಕೆಯಾಯಿತು ಎಂದರೆ ಸುಳ್ಳಾಗುತ್ತದೆ, ನನಗೆ ಸಿಟ್ಟು ಬಂತು. ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ಬಂದು ಕುರ್ಚಿಯಲ್ಲಿ ಕೂತೆ. ಕಿಟಕಿಯನ್ನು ಮುಚ್ಚಲು ನೋಡಿದೆ, ಮುಚ್ಚಲಿಲ್ಲ. ಎರಡು ಮೂರು ನಿಮಿಷ ಅದರ ಜೊತೆ ಜಗ್ಗಾಡಿರಬೇಕು, ಆಗ ಫೋನು ಬಂತು.

“ಮೇಡಂ, ಒಳಬಾಗ್ಲ ತೆಗ್ದಿಲ್ಲ ಅಲ್ವಾ?” ತಿಪ್ಪೇಶಣ್ಣ ಒಂದೇ ಉಸಿರಿಗೆ ಕೇಳಿದರು. “ಮುಂಜಾನಿಂದ ಹಚ್ತಾ ಇದೀನಿ, ಸಿಗ್ತಾ ಇಲ್ಲ. ಗುಳಿಗೆ ಹಾಕೈತೆ ಅಂತ ಹೇಳಿದ್ನಲ್ರೀ.”

“ನೀವು ಅಪ್‌ಡೇಟ್ ಹಾಕೀನಿ ಅಂದ್ರಿ ಅಂತ ತಿಳ್ಕೊಂಡೆ.”

“ನಿನ್ನೆ ಅದನ್ನ ನಾನ್ಯಾಕ್ರೀ ಹಾಕ್ಲಿ? ಕಂಪ್ಯೂಟರ್ ಹಚ್ಚೇ ಇಲ್ಲ. ನೀವು ಮೊದ್ಲು ಹೊರಗೆ ನಡೀರಿ.”

ಫೋನಿನ ಮಾತು ಕೇಳಿಸಿಕೊಂಡ ರತ್ನಕ್ಕ ಹೋಗಿ ಕೀಲಿಕೈಯನ್ನು ಹಿಂದಕ್ಕೆ ತಿರುಗಿಸಿ ಕಿತ್ತುಕೊಂಡಳು. ಹೊರಗೆ ಬಿಸಿಲಲ್ಲಿ ಬಂದು ನಿಂತೆವು. ರತ್ನಕ್ಕ, “ನನಗೆ ಸಣ್ಣ ಮಕ್ಳು ಅದಾವ್ರೀ,” ಎಂದಳು.

ಗೋದಾಮನ್ನು ತೆರೆದು ಗಾಳಿ ಆಡಿಸಿದ ಮೇಲೆ, ಆ ವಾರದ ಕೊನೆಗೆ ಮತ್ತೆ ಹೋದೆ. ಯಂತ್ರ ತನ್ನೊಳಗೆ ನಡೆದದ್ದನ್ನೆಲ್ಲ ಸಮಯದ ಸಮೇತ ಬರೆದಿಡುತ್ತದೆ. ಅಪ್‌ಡೇಟ್ ವ್ಯವಸ್ಥೆಯನ್ನು ನಾನು ನಿಲ್ಲಿಸಿದ ನಿಮಿಷ ಅದರಲ್ಲಿತ್ತು. ಅದರ ನಂತರ ಯಾವ ಕಿಟಕಿ ತೆರೆದದ್ದೂ ಇರಲಿಲ್ಲ. ಹಳೆಯ ಸೂಚನೆಯೊಂದು ಉಳಿದುಕೊಂಡು ತಡವಾಗಿ ಕಾಣಿಸಿರಬಹುದು ಎಂದು ನೀವು ಹೇಳಬಹುದು. ಬೇರೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹಾಗಾಗಿದ್ದರೂ ಅದರ ಗುರುತು ಉಳಿಯಬೇಕಿತ್ತು. ನನ್ನ ಅಂಗಡಿಯ ಯಂತ್ರದಲ್ಲಿ ಅದೇ ಕ್ರಮದಲ್ಲಿ ಎಲ್ಲವನ್ನೂ ಮಾಡಿ ಎಷ್ಟೋ ಸಲ ನೋಡಿದ್ದೇನೆ, ಒಮ್ಮೆಯೂ ಕಿಟಕಿ ಬಂದಿಲ್ಲ. ರತ್ನಕ್ಕ ಮೊದಲು ನೋಡಿ ಹೇಳದಿದ್ದರೆ ನನ್ನ ಕಣ್ಣನ್ನೇ ಅನುಮಾನಿಸುತ್ತಿದ್ದೆ.

ಈಗ ಎಲ್ಲಿ ಹೋದರೂ, ‘ಹಾಕೈತೆ’ ಎಂದರೆ ಏನು ಹಾಕೈತೆ ಎಂದು ಎರಡು ಸಲ ಕೇಳುತ್ತೇನೆ. ಮಲಗುವ ಮುನ್ನ ಎಷ್ಟೋ ದಿನ ಆ ಬೀಗದ ಎರಡನೆಯ ಸುತ್ತನ್ನು ಮನಸ್ಸಿನಲ್ಲೇ ತಿರುಗಿಸಿಬಿಡುತ್ತೇನೆ. ಆ ಕಂಪ್ಯೂಟರ್ ಮಾತ್ರ ಅಂದಿನಿಂದ ಹಾಕಿದ್ದನ್ನು ಮತ್ತೆ ಹಾಕು ಎಂದು ಕೇಳಿಲ್ಲ. ನಾನು ಅದನ್ನು ಸರಿಪಡಿಸಿರಲಿಲ್ಲ. ರಿಪೇರಿ ಪುಸ್ತಕದಲ್ಲಿ ಆ ದಿನದ ಸಾಲಿಗೆ ‘ಸರಿಯಾಗಿದೆ’ ಎಂದು ಬರೆದಿದ್ದೇನೆ. ಏನು ಮಾಡಿದ್ದು ಎಂದು ಬರೆಯುವ ಜಾಗ ಇನ್ನೂ ಖಾಲಿ ಇದೆ.