ಮಜ್ಲಿಸ್‌ಗೆ ಬೇರೆ ಬಾಗಿಲು

ಸರಕಾರವೇ ಜಾಮೀನು ನಿಂತ ಮನುಷ್ಯನ ನಡಿಗೆಯೇ ಬೇರೆ. ಮಸ್ಕತ್ ಹತ್ತಿರ ರುಸೈಲ್‌ನ ನಮ್ಮ ಕಾರ್ಖಾನೆಯಲ್ಲಿ ಎಲ್ಲರ ವೀಸಾ ಕೆಲಸಕ್ಕೆ ಕಚೇರಿಯಿಂದ ಕಚೇರಿಗೆ ಓಡಾಡುವ ಒಮಾನಿ ಸಹೋದ್ಯೋಗಿ ಅಂದು ಅಂಥ ನಡಿಗೆಯಲ್ಲಿ ನನ್ನ ಮೇಜಿನ ಬಳಿ ಬಂದರು. ಊರಿನಲ್ಲಿ ಮನೆ ಕಟ್ಟುವ ಸಾಲಕ್ಕೆ ವರ್ಷಗಟ್ಟಲೆ ಕಾದ ಮೇಲೆ ಅವರ ಸರದಿ ಬಂದಿತ್ತು. ಕೈಯಿಂದ ಒಂದು ಬೈಸಾ ಮುಂಗಡ ಹಾಕಬೇಕಿಲ್ಲ. ಬ್ಯಾಂಕು ಕೊಡುತ್ತದೆ, ಸರಕಾರ ಹೊಣೆ ಹೊರುತ್ತದೆ, ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುತ್ತಾರೆ. ಹಮ್ರಿಯಾದ ಬಾಡಿಗೆ ಫ್ಲ್ಯಾಟಿನಲ್ಲಿ ಅರ್ಧ ಆಯುಷ್ಯ ಕಳೆದ ನಾನು, ವೀಸಾದ ಮೇಲಿರುವವನಿಗೆ ಎಷ್ಟು ಸಲ್ಲುವುದೋ ಅಷ್ಟೇ ಅಸೂಯೆಪಟ್ಟೆ.

"ಭಾಯಿ, ಮೊದಲ ನಕ್ಷೆ ನೀನೇ ಬರಿ. ಕನ್ಸಲ್ಟೆಂಟ್ ಆಮೇಲೆ ಮೊಹರು ಒತ್ತಲಿ. ಆದರೆ ಅಮ್ಮ ಹೂಂ ಅನ್ನಬೇಕು. ಇಲ್ಲಾಂದ್ರೆ ಖಲಾಸ್, ಸರದಿ ಮುಂದಿನವನಿಗೆ."

ಅವರ ತಾಯಿ ಗಂಡ ತೀರಿಕೊಂಡ ಮೇಲೆ ಸೂರ್ ಪಟ್ಟಣದಾಚೆಯ ಹಳ್ಳಿಯಲ್ಲಿ ಮೈದುನನ ಮನೆಯಲ್ಲಿದ್ದರು. ಅಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಗಂಡಸರು ಅತಿಥಿಗಳಾಗಿ ಬಂದಾಗಲೆಲ್ಲ ಹೆಂಗಸರು ಒಳಗೆ ಸರಿಯುವ ರೂಢಿ; ಮುಂದಿನ ಕೋಣೆಯಿಂದ ಮೊದಲು ಏಳಬೇಕಾದವರು ಈ ಮುದುಕಿಯೇ. "ಹೊಸ ಮನೆಯಲ್ಲೂ ಎದ್ದು ಓಡುವುದಾದರೆ ಓಡುವುದಕ್ಕೆ ಈ ಮನೆಯೇ ಸಾಕು" ಎಂದಿದ್ದರಂತೆ.

ನಾನು ವೃತ್ತಿಯಿಂದ ಗೋದಾಮು, ಶೆಡ್ಡುಗಳ ನಕ್ಷೆಗಾರ. ಮನೆ ಎಂದರೆ ನನ್ನ ಕೈಗೆ ಗೊತ್ತಿದ್ದದ್ದು ಒಂದೇ, ಉಡುಪಿ ಕಡೆಯ ಮನೆ. ಎದುರು ಬಾಗಿಲು, ಅದರ ನೇರಕ್ಕೆ ಹಿಂಬಾಗಿಲು. ಜಗಲಿಯಲ್ಲಿ ನಿಂತವನಿಗೆ ಹಿತ್ತಿಲಿನ ಬಾವಿಕಟ್ಟೆ ಕಾಣಬೇಕು, ಅಡುಗೆಮನೆಯವರಿಗೆ ಗೇಟಿನಲ್ಲಿ ಬಂದವರು ಯಾರೆಂದು ತಿಳಿಯಬೇಕು. ಬಾವಿಯೇ ಇಲ್ಲದ ಜಾಗದಲ್ಲೂ ಆ ಸರಳರೇಖೆಯನ್ನು ಪರಮ ಶ್ರದ್ಧೆಯಿಂದ ಎಳೆದೆ. ಹೆಂಡತಿಯೂ ನೋಡಿ, "ಗಾಳಿ ಲಾಯ್ಕ ಆಡ್ತದೆ ಮಾರಾಯ್ರೆ" ಎಂದು ಪ್ರಮಾಣಪತ್ರ ಕೊಟ್ಟಳು.

ಒಂದು ಶುಕ್ರವಾರ ನಾವಿಬ್ಬರೂ ಸಹೋದ್ಯೋಗಿಯ ಜೊತೆ ಹಳ್ಳಿಗೆ ಹೋದೆವು. ತಾಯಿ ಖರ್ಜೂರದ ತಟ್ಟೆಯನ್ನು ನಮ್ಮತ್ತ ಸರಿಸಿ, ನಕ್ಷೆಯನ್ನು ಚಾಪೆಯ ಮೇಲೆ ಹರಡಿಕೊಂಡರು. ಅವರ ಬೆರಳು ಎದುರು ಬಾಗಿಲಲ್ಲಿ ಹೊಕ್ಕು, ಎಲ್ಲೂ ತಡೆಯಿಲ್ಲದೆ ಹಿಂಬಾಗಿಲಲ್ಲಿ ಹೊರಬಿತ್ತು. ಆಮೇಲೆ ಅರಬ್ಬಿಯಲ್ಲಿ ಏನೋ ಹೇಳಿದರು. ಮಗ ನೆಲ ನೋಡಿದರು.

"ಅಮ್ಮ ಕೇಳ್ತಿದ್ದಾರೆ, ಇದು ಮನೆಯೋ ಸುರಂಗವೋ ಅಂತ. ಗಂಡಸರು ಬಾಗಿಲು ತಟ್ಟಿದರೆ ಇಡೀ ಮನೆ ಎದ್ದು ಓಡಬೇಕಲ್ಲ?"

"ಗಾಳಿ ಚೆನ್ನಾಗಿ..." ಎಂದೆ.

"ಗಾಳಿಗೆ ಎಸಿ ಇದೆ, ಭಾಯಿ."

ಮಗ ನಕ್ಷೆಯನ್ನು ಸುತ್ತತೊಡಗಿದರು; ಅದರೊಂದಿಗೆ ಮನೆಯನ್ನೂ ಸುತ್ತಿಡುತ್ತಿದ್ದಾರೆಂದು ಮುಖವೇ ಹೇಳುತ್ತಿತ್ತು. ಆಗ ನನ್ನ ಹೆಂಡತಿ ತನ್ನ ಮುರುಕು ಹಿಂದಿಯಲ್ಲಿ ಬಾಯಿ ಹಾಕಿದಳು: "ಅಮ್ಮನಿಗೆ ಬಾಗಿಲು ಎಲ್ಲಿ ಬೇಕೂಂತ ಅಮ್ಮನತ್ರವೇ ಕೇಳಿ."

ಮಗ ಕೇಳಿದಾಗ ಮುದುಕಿ ನಕ್ಷೆಯನ್ನು ಮತ್ತೆ ಬಿಡಿಸಿ, ತಟ್ಟೆಯಿಂದ ಖರ್ಜೂರದ ಬೀಜಗಳನ್ನು ಎತ್ತಿಕೊಂಡರು. ಒಂದನ್ನು ರಸ್ತೆ ಕಡೆಯ ಮೂಲೆಯಲ್ಲಿಟ್ಟರು: ಗಂಡಸರ ಬಾಗಿಲು, ಅದು ಅವರು ಕೂರುವ ಮಜ್ಲಿಸ್‌ಗೆ ಮಾತ್ರ. ಇನ್ನೊಂದು ಪಕ್ಕದ ಗೋಡೆಗೆ: ಮನೆಯವರ ಬಾಗಿಲು. ಸ್ವಲ್ಪ ಯೋಚಿಸಿ, ಮಜ್ಲಿಸ್‌ನಿಂದ ಅತಿ ದೂರದ ಮೂಲೆಯಲ್ಲಿ ದೊಡ್ಡ ಬೀಜ ಒಂದನ್ನು ಒತ್ತಿಟ್ಟರು.

"ಈ ಕೋಣೆ ಯಾರಿಗೆ?" ಎಂದು ಮಗ ಕೇಳಿದರು.

ತಾಯಿ ತಮ್ಮ ಎದೆ ಮುಟ್ಟಿಕೊಂಡು ನನಗೆ ಹೇಳಿದರು, "ಯಲ್ಲಾ, ಹೂಂ, ಬರಿ."

ಬೀಜ ಇದ್ದಲ್ಲಿ ಬೀಜಕ್ಕೆ ಮರ್ಯಾದೆ ಕೊಟ್ಟು ಗೋಡೆ ಎಳೆದೆ. ಅರ್ಜಿ ಹೋಯಿತು, ಸಾಲ ಬಂತು. ಪಾಯ, ಛಾವಣಿ ಎಂದು ಹಂತ ಹಂತವಾಗಿ ಬ್ಯಾಂಕಿನವರು ನೋಡಿ ಹೋದರು. ಬೇರೆ ದೇಶದ ಸರಕಾರವೊಂದಕ್ಕೆ ನಾನು ಮನಸಾರೆ ಕೃತಜ್ಞನಾದದ್ದು ಅದೇ ಮೊದಲು. ಆ ಸರಕಾರಕ್ಕೆ ಈ ವಿಷಯ ಇನ್ನೂ ತಿಳಿದಿಲ್ಲ.

ಮನೆ ಮುಗಿದ ಮೇಲೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಹೆಂಡತಿಯನ್ನು ಪಕ್ಕದ ಬಾಗಿಲಿಂದ ಒಳಗೆ ಕರೆದೊಯ್ದರು, ನಾನು ಮಜ್ಲಿಸ್‌ಗೆ. ಪ್ರತಿ ಕೋಣೆಯ ಅಳತೆ ಬಾಯಿಪಾಠವಿದ್ದ ಆ ಮನೆಯಲ್ಲಿ ನಾನು ಕಂಡದ್ದು ಒಂದೇ ಕೋಣೆ. ಊಟದ ಹೊತ್ತಿಗೆ ನೆರೆಕರೆಯ ಗಂಡಸರು ತಾಯಿಯ ಮೈದುನನ ಸಮೇತ ಬಂದು ತುಂಬಿದರು. ಗದ್ದಲವೋ ಗದ್ದಲ.

ಹಿಂದಿರುಗುವಾಗ ಕಾರಿನಲ್ಲಿ ಹೆಂಡತಿ, "ಪಾಪ, ನೀವೇ ಬರೆದ ಮನೆ, ನಿಮಗೇ ನೋಡ್ಲಿಕ್ಕಿಲ್ಲ" ಎಂದು ಮನದಣಿಯೆ ನಕ್ಕಳು.

"ಆ ಅಮ್ಮ ಹೇಗಿದ್ದಾರೆ?"

"ನನ್ನ ಕೈಗೆ ಮದರಂಗಿ ಹಾಕ್ತಾ ಇದ್ರು. ನಿಮ್ಮ ಕಡೆ ಅಷ್ಟು ಜನ ಬಂದ ಗಲಾಟೆ ನಮಗೂ ಕೇಳ್ತಿತ್ತು. ಸೊಸೆ ಎದ್ದು ನಿಂತಳು. ಅಮ್ಮ ತಲೆ ಎತ್ತಿ ಸಹ ನೋಡ್ಲಿಲ್ಲ ಮಾರಾಯ್ರೆ, ಕಾಲು ಚಾಚಿ ಕೂತವರು ಹಾಗೇ ಕೂತಿದ್ರು. ಮದರಂಗಿ ಬಳ್ಳಿ ಪೂರ್ತಿ ಮಾಡಿಯೇ ಬಿಟ್ರು."

ಅವಳು ಆ ಅಂಗೈಯನ್ನು ಎಸಿಯ ಗಾಳಿಗೆ ಹಿಡಿದಳು. ನಾನು ಕಾರು ನಿಧಾನ ಮಾಡಿ ಒಂದೊಂದು ಎಲೆಯನ್ನೂ ನೋಡಿದೆ.