ನಲ್ಲಿ ಸಾಲಿನಲ್ಲಿ ನಮ್ಮ ಮನೆಯ ಟೋಪಿ

ನನ್ನ ಮೊಮ್ಮಗಳು ಬ್ಲಾಗ್ ಬರೆಯುತ್ತಾಳೆ. ಇದನ್ನು ರಾಬರ್ಟ್‌ಸನ್‌ಪೇಟೆಯ ತರಕಾರಿ ಅಂಗಡಿಯವನಿಗೂ ಹೇಳಿದ್ದೀನಿ, ಬಸ್ ಕಂಡಕ್ಟರಿಗೂ ಹೇಳಿದ್ದೀನಿ. ಸರಿಯಾಗಿ ಕೇಳಿಸಿಕೊಳ್ಳದವರಿಗೆ ಎರಡನೇ ಸಲವೂ ಹೇಳಿದ್ದೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿದ ಮಟ್ಟಿಗೆ ಬ್ಲಾಗ್ ಅಂದರೆ ಫೋನಿನಲ್ಲಿ ಓದೋ ಪೇಪರ್ರು. ಅದರ ಮಾಲೀಕಳೂ ಅವಳೇ, ವರದಿ ಬರೆಯೋಳೂ ಅವಳೇ.

ದಿನಾ ರೈಲಲ್ಲಿ ಬಂಗಾರಪೇಟೆಗೆ ಹೋಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಾಳೆ. ರೈಲಲ್ಲಿ ಕೂತು ಯಾರ್ಯಾರದೋ ಬ್ಲಾಗು ನೋಡಿ, ಸಂಜೆ ನನಗೂ ಓದಿ ಹೇಳುತ್ತಾಳೆ. ಒಂದು ದಿನ, ದೊಡ್ಡ ಊರಿನ ಜನ ಲಿಫ್ಟಿನೊಳಗೆ ಒಬ್ಬರ ಮುಖ ಒಬ್ಬರು ನೋಡದೆ ಹೇಗೆ ನಿಲ್ಲುತ್ತಾರೆ ಅಂತ ಯಾರೋ ಉದ್ದಕ್ಕೆ ಬರೆದದ್ದನ್ನು ಓದಿದಳು.

"ಇಷ್ಟೇನಾ ಸಮಾಜಶಾಸ್ತ್ರ? ಅಂಗಾದ್ರೆ ನಮ್ ನಲ್ಲಿ ಅತ್ರ ಬಾ," ಅಂದೆ.

ಚಾಂಪಿಯನ್ ರೀಫ್ಸ್‌ನ ನಮ್ಮ ಬೀದಿಯಲ್ಲಿ ನೀರಿಗೆ ಜನ ಸಾಲು ನಿಲ್ಲೋದಿಲ್ಲ, ಸಾಮಾನು ನಿಲ್ಲುತ್ತೆ. ಒಬ್ಬರದು ಕಲ್ಲು, ಇನ್ನೊಬ್ಬರದು ಹಳೇ ಚಪ್ಪಲಿ, ಪಕ್ಕದ ಮನೆಯವಳದು ಒಡೆದ ಬಕೆಟ್ಟು. ನಮ್ಮದು ನಮ್ಮ ಯಜಮಾನರ ಗಣಿ ಟೋಪಿ. ಅವರು ಚಿನ್ನದ ಗಣಿಯೊಳಗೆ ಮೇಸ್ತ್ರಿಯಾಗಿದ್ದವರು, ಪಕ್ಕದ ಮನೆಯವಳ ಗಂಡ ಅವರ ಕೈಕೆಳಗೆ ಕೂಲಿ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಆದರೂ ಆ ಟೋಪಿಯನ್ನು ಎಷ್ಟು ತಡವಾಗಿ ಇಟ್ಟರೂ ಯಾರಾದರೂ ಮುಂದಕ್ಕೆ ಸರಿಸುತ್ತಾರೆ. ಮನೆಯಲ್ಲಿ ಅವರ ತಲೆಗಿಲ್ಲದ ಮರ್ಯಾದೆ ಬೀದಿಯಲ್ಲಿ ಟೋಪಿಗೆ. ನಾನೂ ಬೇಡ ಅಂದವಳಲ್ಲ ಬಿಡಿ.

ಮೊಮ್ಮಗಳು ಜಗಲಿ ಮೇಲೆ ಕೂತು ಎಲ್ಲ ನೋಡಿದಳು. ಫೋಟೋ ಹಿಡಿದು ಬರೆದಳು: "ಗಣಿ ಮುಚ್ಚಿದೆ, ನಮ್ಮ ನಲ್ಲಿಯ ಹತ್ತಿರ ಇನ್ನೂ ನಡೆಯುತ್ತಿದೆ. ಮೇಸ್ತ್ರಿಯ ಟೋಪಿ ಮುಂದೆ, ಕೂಲಿಯವನ ಮನೆಯ ಒಡೆದ ಬಕೆಟ್ಟು ಹಿಂದೆ."

ಬೀದಿಯೆಲ್ಲ ಫೋನಿನಲ್ಲಿ ಓದಿತು. ಮಾರನೇ ದಿನ ನೋಡಬೇಕಿತ್ತು! ಕಲ್ಲಿನವರು ಕಲ್ಲು ತೊಳೆದು ಇಟ್ಟಿದ್ದರು. ಚಪ್ಪಲಿಯವರು ಮದುವೆಗೆ ಹಾಕೋ ಚಪ್ಪಲಿ ತಂದಿಟ್ಟಿದ್ದರು.

ಪಕ್ಕದ ಮನೆಯವಳು ಮಾತ್ರ ನಮ್ಮ ಬಾಗಿಲಿಗೇ ಬಂದಳು.

"ಏನಕ್ಕಾ, ನಿನ್ ಮೊಮ್ಮಗಳು ಊರಿಗೆಲ್ಲಾ ನನ್ ಒಡೆದ ಬಕೆಟ್ ತೋರಿಸವ್ಳೆ! ನಮ್ಮನೇಲಿ ಬ್ಯಾರೆ ಬಕೆಟ್ಟೇ ಇಲ್ವಾ? ನಮ್ ಬೀಗರು ನೋಡಿದ್ರೆ ಏನಂದ್ಕೊಂತಾರೆ?"

ಅಂದವಳು ಮಾತೇ ಬಿಟ್ಟಳು. ಗೋಡೆ ಆಚೆಯಿಂದ ಬರುತ್ತಿದ್ದ ಸಾರಿನ ಬಟ್ಟಲೂ ನಿಂತಿತು.

ಮೊಮ್ಮಗಳ ಮುಖ ಸಣ್ಣದಾಯಿತು. "ಅಜ್ಜಿ, ಬ್ಲಾಗೇ ಅಳಿಸಿಬಿಡ್ತೀನಿ. ಎತ್ತಿ ಆಡಿಸಿದೋರನ್ನೇ ನೋಯಿಸಿ ಏನು ಬರೆಯೋದು?"

ಅಳಿಸೋದಾ? ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೀನಿ. ಇನ್ನು ಯಾವ ಮುಖ ಹೊತ್ತು ಬದನೆಕಾಯಿ ತರಲಿ? "ಅಳಿಸ್ಬೇಡ ಕಣೇ. ಬೆಳಗ್ಗೆವರ್ಗೂ ತಡಿ," ಅಂದೆ.

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಅವಳ ಮನೆ ಮುಂದಿದ್ದ ಒಡೆದ ಬಕೆಟ್ಟನ್ನು ಸಾಲಿನ ತಲೆಗೆ ತಂದು, ಬೋರಲು ಹಾಕಿ, ಮೇಲೆ ನಮ್ಮ ಟೋಪಿ ತೊಡಿಸಿ, ಏನೂ ಅರಿಯದವಳ ಹಾಗೆ ನಿಂತೆ.

ನೀರು ಬಿಟ್ಟರು. ಒಬ್ಬರೂ ಕೊಡ ಇಡಲಿಲ್ಲ. "ಇದು ಮೇಸ್ತ್ರಿ ಮನೇದಾ, ಬಕೆಟ್ ಮನೇದಾ?" ಅಂತ ಒಬ್ಬರು, "ನಂಗೇನ್ ಗೊತ್ತು, ನೀನೇ ಎತ್ತು" ಅಂತ ಇನ್ನೊಬ್ಬರು. ಅಷ್ಟರಲ್ಲಿ ಪಕ್ಕದ ಮನೆಯವಳು ಬಂದಳು. ಸೊಂಟದ ಮೇಲೆ ಕೈ ಇಟ್ಟು ನೋಡಿದಳು. ತುಟಿ ಬಿಗಿಹಿಡಿದು ನಗು ತಡೆಯೋಕೆ ನೋಡಿದಳು, ಆಗಲಿಲ್ಲ.

"ಏನಕ್ಕಾ, ನನ್ ಬಕೆಟ್ಗೆ ಪ್ರಮೋಷನ್ ಕೊಟ್ಬುಟ್ಯಾ?"

"ಊ ಕಣೇ. ಅದೂ ಒಂದಿನ ಮೇಸ್ತ್ರಿಕೆ ಮಾಡ್ಲಿ."

ಅವಳು ಕಿಸಕ್ಕನೆ ನಕ್ಕು, ಟೋಪಿ ತೆಗೆದು ತನ್ನ ತಲೆಗೇ ಇಟ್ಟುಕೊಂಡು, ಮೊದಲ ಕೊಡ ತುಂಬಿಸಿದಳು. ಜಗಲಿ ಕಡೆ ಕೂಗಿದಳು: "ಏ ಪುಟ್ಟಿ, ಈಗ ಇಡ್ಕೋ ಫೋಟೋನ! ಅವತ್ತೂ ಒಂದ್ ಮಾತು ಕೇಳಿದ್ರೆ ನಾನೇ ಬಂದ್ ನಿಂತ್ಕೊಂತಿರ್ಲಿಲ್ವಾ? ನನ್ನ ಬಿಟ್ಟು ಬಕೆಟ್ ಇಡ್ಕೊಂಡೋದ್ಯಲ್ಲಾ!"

ಬ್ಲಾಗ್ ಉಳಿಯಿತು. ಒಡೆದ ಬಕೆಟ್ಟಿನ ಜಾಗದಲ್ಲಿ ಈಗ ಟೋಪಿ ತೊಟ್ಟ ನಗುಮುಖ ಇದೆ. ಮೂಲೆಯಲ್ಲಿ ನನ್ನ ಸೆರಗೂ ಕಾಣುತ್ತೆ, ನೋಡಿ. ಮೊಮ್ಮಗಳು ಈಗ ಮೊದಲು ಹೋಗಿ ಕೇಳುತ್ತಾಳೆ, ಆಮೇಲೆ ಬರೆಯುತ್ತಾಳೆ. ಸಾರಿನ ಬಟ್ಟಲೂ ಬರುತ್ತಿದೆ.

ಒಂದೇ ತೊಂದರೆ. ಅವತ್ತಿಂದ ನಮ್ಮ ಟೋಪಿಯನ್ನು ಯಾರೂ ಮುಂದಕ್ಕೆ ಸರಿಸುತ್ತಿಲ್ಲ, ಇಟ್ಟಲ್ಲೇ ಇರುತ್ತೆ. ಈ ವಯಸ್ಸಿನಲ್ಲಿ ಕೋಳಿಗಿಂತ ಮುಂಚೆ ಏಳಬೇಕಾಗಿದೆ. ಎದ್ದು ನಗುತ್ತಾ ಹೋಗುತ್ತೀನಿ.